ಲಿಸ್ಬನ್ ಮಾರು ಹಡಗಿನ ಮುಳುಗಡೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಯುದ್ಧಕೈದಿಗಳನ್ನು ಹಾಂಗ್ ಕಾಂಗ್‌ನಿಂದ ಜಪಾನಿಗೆ ಸಾಗಿಸುತ್ತಿದ್ದ ಜಪಾನಿ ಹಡಗು ಲಿಸ್ಬನ್ ಮಾರು. 1942ರ ಅಕ್ಟೋಬರ್ 1ರ ಬೆಳಗ್ಗೆ ಚೀನಾದ ಝೆಜಿಯಾಂಗ್ ಪ್ರಾಂತದ ಝೋಶಾನ್ ದ್ವೀಪಗಳ ಹತ್ತಿರ ಅಮೆರಿಕದ ಜಲಾಂತರ್ಗಾಮಿ ಗ್ರೂಪರ್ ಇದಕ್ಕೆ ಟಾರ್ಪಿಡೊ ಹೊಡೆಯಿತು. ಹಡಗು ಮುಳುಗಿದ್ದು ಮರುದಿನ. ಒಳಗಿದ್ದ 1,834 ಕೈದಿಗಳಲ್ಲಿ 828 ಮಂದಿ ಸತ್ತರು. ಏಟು ಬಿದ್ದದ್ದಕ್ಕೂ ಹಡಗು ಮುಳುಗಿದ್ದಕ್ಕೂ ನಡುವೆ ಒಂದು ಹಗಲು, ಒಂದು ರಾತ್ರಿ ಕಳೆದಿದ್ದವು. ಕಾವಲುಗಾರರನ್ನು ಬಿಟ್ಟು ಹಡಗಿನಲ್ಲಿದ್ದ ಜಪಾನಿ ಸೈನಿಕರೆಲ್ಲರೂ ಆ ಅವಧಿಯಲ್ಲಿ ಬೇರೆ ಹಡಗುಗಳಿಗೆ ಸುರಕ್ಷಿತವಾಗಿ ದಾಟಿದ್ದರು. ಕೈದಿಗಳಿದ್ದ ಸರಕು ಕೋಣೆಗಳ ಬಾಯಿಗಳನ್ನು ಮಾತ್ರ ಮುಚ್ಚಲಾಗಿತ್ತು. ಈ ಪ್ರಕರಣವನ್ನು ಬರಿಯ ಜಲಾಂತರ್ಗಾಮಿ ದಾಳಿ ಎಂದು ಬರೆಯುವುದು ಸುಲಭ, ಆದರೆ ಸರಿಯಲ್ಲ. ಆ ಸಾವುಗಳ ವಿವರಣೆ ಟಾರ್ಪಿಡೊದಲ್ಲಿ ಸಿಗುವುದಿಲ್ಲ, ಆ ಮುಚ್ಚಳಗಳಲ್ಲಿ ಸಿಗುತ್ತದೆ.

ಹಿನ್ನೆಲೆ

ಜಪಾನಿ ಸೇನೆ ಹಾಂಗ್ ಕಾಂಗ್ ಮೇಲೆ 1941ರ ಡಿಸೆಂಬರ್ 8ರಂದು ದಾಳಿ ಆರಂಭಿಸಿತು. ಹದಿನೆಂಟು ದಿನಗಳ ಕಾದಾಟದ ನಂತರ ಕ್ರಿಸ್ಮಸ್ ದಿನ ಗವರ್ನರ್ ಮಾರ್ಕ್ ಯಂಗ್ ಶರಣಾದ. ಬ್ರಿಟಿಷ್, ಕೆನಡಾ, ಭಾರತೀಯ ಮತ್ತು ಸ್ಥಳೀಯ ಸ್ವಯಂಸೇವಕ ಪಡೆಗಳ ಸಾವಿರಾರು ಸೈನಿಕರು ಸೆರೆಯಾದರು. ಶಾಮ್ ಶುಯಿ ಪೊ ಎಂಬಲ್ಲಿದ್ದ ಹಳೆಯ ಸೇನಾವಸತಿಯೇ ಮುಖ್ಯ ಸೆರೆಶಿಬಿರವಾಯಿತು. ಅನ್ನ, ಸೊಪ್ಪಿನ ಸಾರು ಬಿಟ್ಟರೆ ಬೇರೇನೂ ಸಿಗದ ಅಲ್ಲಿ 1942ರ ಬೇಸಿಗೆಯ ಹೊತ್ತಿಗೆ ಗಂಟಲಮಾರಿ (ಡಿಫ್ತೀರಿಯ) ಮತ್ತು ರಕ್ತಭೇದಿ ಹಬ್ಬಿದ್ದವು.

ಜಪಾನಿನ ಗಣಿ, ಬಂದರು, ಕಾರ್ಖಾನೆಗಳಲ್ಲಿ ದುಡಿಯುವ ಕೈಗಳ ಕೊರತೆ ಇತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಗೆದ್ದ ನಾಡುಗಳಲ್ಲಿ ಸೆರೆಸಿಕ್ಕವರನ್ನು ಆ ಜಾಗಗಳಿಗೆ ತುಂಬುವುದೇ ಜಪಾನಿನ ಯೋಜನೆಯಾಗಿತ್ತು. ಹಾಂಗ್ ಕಾಂಗ್‌ನಿಂದ ಮೊದಲ ತಂಡ 1942ರ ಸೆಪ್ಟೆಂಬರ್ ಮೊದಲ ವಾರ ಹೊರಟಿತು. ಅದರ ಹಿಂದೆಯೇ ಹೊರಟ ಎರಡನೆಯ, ಬಹು ದೊಡ್ಡ ತಂಡ ಲಿಸ್ಬನ್ ಮಾರುವಿನದು. ಶಿಬಿರದ ಮೈದಾನದಲ್ಲಿ ಇವರನ್ನು ಸಾಲಾಗಿ ನಿಲ್ಲಿಸಿ, ಸುಂದರವಾದ ದೇಶವೊಂದಕ್ಕೆ ಕರೆದೊಯ್ಯುತ್ತೇವೆ, ಅಲ್ಲಿ ನಿಮ್ಮನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ದುಭಾಷಿಯ ಮೂಲಕ ಹೇಳಲಾಯಿತು. ಹೇಳಿದವನು ಕಾವಲು ಪಡೆಯ ಮುಖ್ಯಸ್ಥ ಲೆಫ್ಟಿನೆಂಟ್ ಹಿದೆಯೊ ವಾಡ.

ಹಾಂಗ್ ಕಾಂಗ್‌ನ ರಕ್ಷಣೆಯಲ್ಲಿ ಭಾರತೀಯ ಸೇನೆಯ ಎರಡು ಬೆಟಾಲಿಯನ್‌ಗಳೂ ಇದ್ದವು: ಏಳನೆಯ ರಜಪೂತ್ ರೆಜಿಮೆಂಟಿನ ಐದನೆಯದು, ಹದಿನಾಲ್ಕನೆಯ ಪಂಜಾಬ್ ರೆಜಿಮೆಂಟಿನ ಎರಡನೆಯದು. ಇವರ ಹೆಸರು ಈ ಹಡಗಿನ ಕಥೆಯಲ್ಲಿ ಕಾಣದಿರಲು ಕಾರಣವಿದೆ. ಜಪಾನೀಯರು ಭಾರತೀಯ ಕೈದಿಗಳನ್ನು ಬೇರೆ ಶಿಬಿರದಲ್ಲಿಟ್ಟು, ಬ್ರಿಟಿಷರ ವಿರುದ್ಧ ತಿರುಗುವಂತೆ ಒತ್ತಾಯಿಸುತ್ತಿದ್ದರು. ಆ ಒತ್ತಡಕ್ಕೆ ಮಣಿಯದ ರಜಪೂತ್ ಬೆಟಾಲಿಯನ್ನಿನ ಕ್ಯಾಪ್ಟನ್ ಮತೀನ್ ಅಹಮದ್ ಅನ್ಸಾರಿ ಚಿತ್ರಹಿಂಸೆ ಅನುಭವಿಸಿ 1943ರ ಅಕ್ಟೋಬರಿನಲ್ಲಿ ತಲೆದಂಡ ತೆತ್ತ. ಹೈದರಾಬಾದಿನವನಾದ ಆತನಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ನೀಡಲಾಯಿತು.

ಹಡಗು ಮತ್ತು ಪ್ರಯಾಣ

ಲಿಸ್ಬನ್ ಮಾರು 1920ರಲ್ಲಿ ಯೋಕೊಹಾಮದಲ್ಲಿ ಕಟ್ಟಿದ, ಏಳು ಸಾವಿರ ಟನ್ನಿಗೆ ತುಸು ಮೇಲ್ಪಟ್ಟ ಸರಕು ಹಡಗು. ನಿಪ್ಪೊನ್ ಯೂಸೆನ್ ಕೈಶ ಕಂಪನಿಯದು. ಯುದ್ಧ ಬಂದಾಗ ಅದು ಸೇನೆಯ ಸೇವೆಗೆ ಬಂತು. ಮೇಲೆ ತೋಪುಗಳನ್ನು ಕೂರಿಸಲಾಯಿತು. 1942ರ ಸೆಪ್ಟೆಂಬರ್ 27ರಂದು ಹಾಂಗ್ ಕಾಂಗ್ ಬಿಟ್ಟಾಗ ಅದರ ಮೇಲೆ 778 ಜಪಾನಿ ಸೈನಿಕರು ಸ್ವದೇಶಕ್ಕೆ ಮರಳುತ್ತಿದ್ದರು. ಕೈದಿಗಳು ಕೆಳಗಿನ ಸರಕು ಕೋಣೆಗಳಲ್ಲಿದ್ದರು. ಇದರಲ್ಲಿ ಕೈದಿಗಳಿದ್ದಾರೆ ಎಂದು ಹೊರಗಿನವರಿಗೆ ತಿಳಿಸುವ ಒಂದು ಗುರುತೂ ಹಡಗಿನ ಮೇಲಿರಲಿಲ್ಲ. ತೋಪು ಹೊತ್ತ, ಸೈನಿಕರನ್ನು ತುಂಬಿಕೊಂಡ ಇಂಥ ಹಡಗು ಯಾವ ಶತ್ರು ಜಲಾಂತರ್ಗಾಮಿಗಾದರೂ ನ್ಯಾಯವಾದ ಗುರಿಯೇ.

ಮೂರು ಕೋಣೆಗಳಲ್ಲಿ ಕೈದಿಗಳನ್ನು ಹಂಚಿದ್ದ ರೀತಿ ಮುಂದೆ ಯಾರು ಬದುಕಿದರು, ಯಾರು ಸತ್ತರು ಎಂಬುದನ್ನೇ ನಿರ್ಧರಿಸಿತು. ಮುಂಭಾಗದ ಒಂದನೆಯ ಕೋಣೆಯಲ್ಲಿ ರಾಯಲ್ ನೇವಿಯ ನಾವಿಕರಿದ್ದರು. ನಡುವಣ ಎರಡನೆಯದರಲ್ಲಿ ರಾಯಲ್ ಸ್ಕಾಟ್ಸ್ ಮತ್ತು ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಕಾಲಾಳುಗಳು, ಜತೆಗೆ ಸಣ್ಣಪುಟ್ಟ ತುಕಡಿಗಳವರಿದ್ದರು. ಹಿಂಭಾಗದ ಮೂರನೆಯದು ರಾಯಲ್ ಆರ್ಟಿಲರಿಯ ಫಿರಂಗಿ ದಳದವರದು. ಕೈದಿಗಳಲ್ಲಿ ಹಿರಿಯ ಅಧಿಕಾರಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಸ್ಟೂವರ್ಟ್. ಎಲ್ಲರೂ ಏಕಕಾಲಕ್ಕೆ ಕಾಲು ಚಾಚಲಾಗದಷ್ಟು ಇಕ್ಕಟ್ಟು. ಬೆಳಗ್ಗೆ ಅನ್ನ, ಚಹ. ಸಂಜೆ ಅದರ ಜತೆಗೆ ಡಬ್ಬಿಯ ಮಾಂಸದ ಕಾಲು ಪಾಲು, ಒಂದು ಚಮಚ ತರಕಾರಿ. ಶಿಬಿರದ ಊಟಕ್ಕಿಂತ ಇದು ವಾಸಿ ಎಂದು ಕೆಲವರು ನೆನೆದದ್ದುಂಟು! ಕುಡಿಯಲು ನೀರಿತ್ತು, ತೊಳೆದುಕೊಳ್ಳಲು ಇರಲಿಲ್ಲ. ಶೌಚಕ್ಕೆ ಹಡಗಿನ ಅಂಚಿನಾಚೆ ಕಟ್ಟಿ ತೂಗುಬಿಟ್ಟ ಮರದ ಗೂಡುಗಳು. ಭೇದಿಯಾದವರು ಸರದಿ ನಿಂತು ಏಣಿ ಹತ್ತಿ ಅಲ್ಲಿಗೆ ಹೋಗಬೇಕಿತ್ತು.

ಹಡಗಿನಲ್ಲಿದ್ದದ್ದು ನಾಲ್ಕು ಜೀವರಕ್ಷಕ ದೋಣಿ, ಆರು ತೆಪ್ಪ. ಅಗತ್ಯ ಬಿದ್ದರೆ ನಾಲ್ಕು ದೋಣಿಗಳೂ ನಾಲ್ಕು ತೆಪ್ಪಗಳೂ ಜಪಾನೀಯರಿಗೆ, ಉಳಿದ ಎರಡು ತೆಪ್ಪಗಳು ಕೈದಿಗಳಿಗೆ ಎಂದು ನಿಗದಿಯಾಗಿತ್ತು. ಸಾವಿರದ ಎಂಟುನೂರಕ್ಕೂ ಹೆಚ್ಚು ಜನಕ್ಕೆ ಎರಡು ತೆಪ್ಪ. ಹೆಚ್ಚಿನವರ ಬಳಿ ತೇಲುಪಟ್ಟಿಗಳಿದ್ದವು ಎಂಬುದೊಂದೇ ಸಮಾಧಾನ.

ಟಾರ್ಪಿಡೊ

ಅಕ್ಟೋಬರ್ 1ರ ನಸುಕಿನಲ್ಲಿ ಗಾಟೊ ವರ್ಗದ ಜಲಾಂತರ್ಗಾಮಿ ಗ್ರೂಪರ್‌ಗೆ ಈ ಹಡಗು ಕಾಣಿಸಿತು. ಬೆಳುದಿಂಗಳಿದ್ದ ಕಾರಣ ಅದು ಆಗಲೇ ನೀರಿನ ಮೇಲಿನಿಂದ ದಾಳಿ ಮಾಡದೆ, ಹಡಗಿನ ದಾರಿಗಿಂತ ಮುಂದೆ ಸಾಗಿ ಬೆಳಕಿಗಾಗಿ ಕಾಯಿತು. ಒಟ್ಟು ಆರು ಟಾರ್ಪಿಡೊಗಳನ್ನು ಬಿಟ್ಟದ್ದರಲ್ಲಿ ಹಡಗಿಗೆ ನಾಟಿದ್ದು ಒಂದು. ಆ ವರ್ಷಗಳ ಅಮೆರಿಕನ್ ಟಾರ್ಪಿಡೊ ಗೊತ್ತುಪಡಿಸಿದ ಆಳಕ್ಕಿಂತ ಕೆಳಗೆ ಓಡುವುದಕ್ಕೆ ಕುಖ್ಯಾತವಾಗಿತ್ತು. ಬೆಳಗ್ಗೆ ಸುಮಾರು 7 ಗಂಟೆಗೆ, ಕೈದಿಗಳ ಹಾಜರಿ ತೆಗೆಯುವುದಕ್ಕೆ ಮುಂಚೆ, ಹಿಂಭಾಗದಲ್ಲಿ ಸ್ಫೋಟವಾಯಿತು. ಯಂತ್ರ ನಿಂತಿತು, ದೀಪ ಆರಿತು. ಶೌಚಕ್ಕೆಂದು ಮೇಲೆ ಬಂದಿದ್ದವರನ್ನು ಕಾವಲುಗಾರರು ಕೆಳಕ್ಕೆ ತಳ್ಳಿ, ಏಣಿಯ ಬಾಯಲ್ಲಿ ಹೆಚ್ಚಿನ ಕಾವಲು ನಿಲ್ಲಿಸಿದರು. ಜಪಾನಿ ವಿಮಾನಗಳು ಬಂದು ಸ್ಫೋಟಕ ಹಾಕತೊಡಗಿದ ಮೇಲೆ ಗ್ರೂಪರ್ ಜಾಗ ಬಿಟ್ಟಿತು. ತಾನು ಹೊಡೆದ ಹಡಗಿನ ಒಳಗೆ ಯಾರಿದ್ದರು ಎಂಬುದು ಅದರ ಸಿಬ್ಬಂದಿಗೆ ಗೊತ್ತಿರಲಿಲ್ಲ.

ಮುಚ್ಚಿದ ಕೋಣೆಗಳು

ಆ ದಿನ ಕೈದಿಗಳಿಗೆ ಅನ್ನವಿಲ್ಲ, ನೀರಿಲ್ಲ. ಸಂಜೆಯ ಹೊತ್ತಿಗೆ ಜಪಾನಿ ವಿಧ್ವಂಸಕ ನೌಕೆಯೊಂದೂ ತೊಯೊಕುನಿ ಮಾರು ಎಂಬ ಹಡಗೂ ಪಕ್ಕಕ್ಕೆ ಬಂದು ಸೈನಿಕರನ್ನು ಇಳಿಸಿಕೊಂಡವು. ಲಿಸ್ಬನ್ ಮಾರುವನ್ನು ಹಗ್ಗ ಕಟ್ಟಿ ಆಳ ಕಡಿಮೆಯಿರುವ ಕಡೆಗೆ ಎಳೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಉಳಿದದ್ದು ಕೈದಿಗಳ ಪ್ರಶ್ನೆ. ಸೈನಿಕರು ಹೋದ ಮೇಲೆ ಬೆರಳೆಣಿಕೆಯ ಕಾವಲುಗಾರರು ಇಷ್ಟು ಜನರನ್ನು ಹತೋಟಿಯಲ್ಲಿಡಲಾರರು, ಆದ್ದರಿಂದ ಕೋಣೆಗಳ ಬಾಯಿ ಮುಚ್ಚಿ ಎಂದು ವಾಡ ಪಟ್ಟುಹಿಡಿದ. ಗಾಳಿಯಾಡುವುದಿಲ್ಲ, ಮತ್ತೊಂದು ಟಾರ್ಪಿಡೊ ಬಿದ್ದರೆ ಎಲ್ಲರೂ ಸಾಯುತ್ತಾರೆ ಎಂದು ಹಡಗಿನ ಕಪ್ತಾನ ಕ್ಯೋದ ಶಿಗೆರು ವಿರೋಧಿಸಿದ. ರಾತ್ರಿ ಸುಮಾರು 9 ಗಂಟೆಗೆ ವಾಡನ ಮಾತೇ ನಡೆಯಿತು. ಬಾಯಿಗಳಿಗೆ ಹಲಗೆ ಜೋಡಿಸಿ, ಮೇಲೆ ತಾಡಪಾಲು ಹೊದಿಸಿ, ಹಗ್ಗದಿಂದ ಬಿಗಿದರು. ಈ ವಾಗ್ವಾದದ ವಿವರಗಳು ಯುದ್ಧಾನಂತರದ ವಿಚಾರಣೆಯಲ್ಲಿ ಹೊರಬಂದವು. ಆರೋಪಿಯ ಕಟಕಟೆಯಲ್ಲಿ ನಿಂತ ಕಪ್ತಾನ ತನ್ನ ಪರವಾಗಿ ಹೇಳಿಕೊಂಡದ್ದೂ ಇದರಲ್ಲಿದೆ ಎಂಬ ಎಚ್ಚರ ಓದುಗನಿಗೆ ಇರಬೇಕು. ಆದರೆ ಬಾಯಿ ಮುಚ್ಚಿದ್ದರಲ್ಲಿ ಯಾವ ತಕರಾರೂ ಇಲ್ಲ.

ಮೂರನೆಯ ಕೋಣೆಗೆ ನೀರು ನುಗ್ಗುತ್ತಿತ್ತು. ಫಿರಂಗಿ ದಳದವರು ಕತ್ತಲಲ್ಲಿ ಕೈಪಂಪು ಹಿಡಿದರು. ಉಸಿರಾಡಲು ಗಾಳಿಯಿಲ್ಲದ ಕಾರಣ ಒಬ್ಬೊಬ್ಬನೂ ನಾಲ್ಕಾರು ಸಲ ಹಿಡಿ ಒತ್ತುವಷ್ಟರಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಿದ್ದ, ಮುಂದಿನವನು ಆ ಜಾಗಕ್ಕೆ ಬರುತ್ತಿದ್ದ. ಕೋಣೆಗಳ ನಡುವಣ ಕಬ್ಬಿಣದ ಗೋಡೆಯನ್ನು ಬಡಿದು ಮೋರ್ಸ್ ಸಂಕೇತದಲ್ಲಿ ಒಬ್ಬರಿಗೊಬ್ಬರು ಸುದ್ದಿ ಕಳಿಸಿದರು. ಒಂದನೆಯ ಕೋಣೆಯಿಂದ ಬಂದ ಸುದ್ದಿ, ಗಂಟಲಮಾರಿಯ ಇಬ್ಬರು ರೋಗಿಗಳು ಸತ್ತಿದ್ದಾರೆ ಎಂಬುದು. ನೀರು ಕೊಡಿ, ಗಾಳಿ ಬಿಡಿ ಎಂದು ಸ್ಟೂವರ್ಟ್ ಮತ್ತೆ ಮತ್ತೆ ಕೂಗಿ ಕೇಳಿದ್ದಕ್ಕೆ ಮೇಲಿನಿಂದ ಉತ್ತರ ಬರಲಿಲ್ಲ.

ಅಕ್ಟೋಬರ್ 2ರ ಬೆಳಗ್ಗೆ, ಟಾರ್ಪಿಡೊ ಬಿದ್ದು ಇಪ್ಪತ್ತನಾಲ್ಕು ಗಂಟೆ ಮೀರಿದ ಮೇಲೆ, ಹಡಗು ಒಮ್ಮೆಲೇ ಓಲಾಡಿತು. ಇನ್ನು ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ಸ್ಪಷ್ಟವಾಯಿತು. ಸ್ಟೂವರ್ಟನ ಆಜ್ಞೆಯಂತೆ ಲೆಫ್ಟಿನೆಂಟ್ ಹೋವೆಲ್ ಎಂಬಾತ ಏಣಿಯ ತುದಿಯಲ್ಲಿ ನಿಂತು ಚಾಕುವಿನಿಂದ ತಾಡಪಾಲನ್ನು ಕೊಯ್ದು ಹಲಗೆ ಸರಿಸಿದ. ಈತ ಅದಕ್ಕೆ ಮೊದಲೇ ಎರಡು ಬಾರಿ ಹಡಗು ದುರಂತದಿಂದ ಪಾರಾಗಿ ಬಂದವನು. ಅವನೂ ಪಾಟರ್ ಎಂಬ ಇನ್ನೊಬ್ಬನೂ ಒಂದಿಬ್ಬರನ್ನು ಕರೆದುಕೊಂಡು, ಅಧಿಕಾರಿಗಳೊಡನೆ ಮಾತಾಡಲೆಂದು ಮೇಲ್ಮಾಳಿಗೆಯ ಕಡೆ ನಡೆದರು. ಕಾವಲುಗಾರರು ಗುಂಡು ಹಾರಿಸಿದರು. ಪಾಟರ್ ಸತ್ತ. ಹೋವೆಲ್ ಹಿಂದೆ ಬಂದು, ಹಡಗು ಬಹಳ ಕೆಳಗಿಳಿದಿದೆ ಎಂದು ವರದಿ ಮಾಡಿದ.

ಅಷ್ಟರಲ್ಲಿ ಹಿಂಭಾಗ ಮುಳುಗಿ ಮರಳುದಿಬ್ಬದ ಮೇಲೆ ಕೂತಿತು. ಮುಂಭಾಗ ಸ್ವಲ್ಪ ಹೊತ್ತು ನೀರಿನ ಮೇಲೆಯೇ ಉಳಿಯಿತು. ಒಂದನೆಯ, ಎರಡನೆಯ ಕೋಣೆಗಳವರು ನುಗ್ಗಿ ಬಂದು ನೀರಿಗೆ ಹಾರಿದರು. ಮೂರನೆಯ ಕೋಣೆಯಲ್ಲಿ ಕೆಲವರು ಮೇಲೇರುವಷ್ಟರಲ್ಲಿ ಏಣಿ ಮುರಿಯಿತು. ನೀರು ಏರುತ್ತಿದ್ದಾಗ ಆ ಕೋಣೆಯಿಂದ ಹಾಡು ಕೇಳಿಬಂತೆಂದು, ಅದು ಸೈನಿಕರು ಹಿಂದಿನ ಮಹಾಯುದ್ಧದಿಂದ ಹಾಡಿಕೊಂಡು ಬಂದ ‘ಟಿಪ್ಪರೆರಿ’ ಎಂದು ಬದುಕುಳಿದವರು ಹೇಳಿದ್ದಾರೆ. ಅಲ್ಲಿದ್ದವರಲ್ಲಿ ಬಹುಪಾಲು ಜನ ಹೊರಬರಲಿಲ್ಲ.

ನೀರಿಗೆ ಬಿದ್ದವರ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಸುತ್ತ ನಿಂತಿದ್ದ ಜಪಾನಿ ಹಡಗುಗಳಿಂದ ಹಗ್ಗಗಳು ಇಳಿಬಿದ್ದಿದ್ದವು, ಆದರೆ ಹಿಡಿದು ಹತ್ತಿದವರನ್ನು ಒದ್ದು ಕೆಡವಿದರು. ಈಜುತ್ತಿದ್ದವರ ಮೇಲೆ ಬಂದೂಕು, ಮೆಷಿನ್‌ಗನ್‌ಗಳಿಂದ ಗುಂಡು ಹಾರಿತು. ದ್ವೀಪಗಳು ಮೈಲಿಗಳ ದೂರದಲ್ಲಿ ಕಾಣುತ್ತಿದ್ದವು. ಸೆಳೆತ ಜೋರಾಗಿತ್ತು, ದಡದಲ್ಲಿ ಬಂಡೆಗಳಿದ್ದವು. ಒಂಬತ್ತು ತಿಂಗಳು ಅರೆಹೊಟ್ಟೆಯಲ್ಲಿದ್ದ ಮೈಗಳಿಗೆ ಆ ದೂರ ಸಣ್ಣದಾಗಿರಲಿಲ್ಲ.

ಝೋಶಾನ್ ಬೆಸ್ತರು

ಹತ್ತಿರವಿದ್ದದ್ದು ಡೊಂಗ್‌ಜಿ ಎಂದು ಕರೆಯುವ ಸಣ್ಣ ದ್ವೀಪಗಳ ಗುಂಪು. ಅದರಲ್ಲಿ ಮುಖ್ಯವಾದವು ಚಿಂಗ್‌ಬಾಂಗ್ ಮತ್ತು ಮಿಯಾವ್‌ಜಿಹು. ಝೋಶಾನ್ 1939ರಿಂದಲೇ ಜಪಾನಿ ಆಕ್ರಮಣದಲ್ಲಿತ್ತು. ಬೆಸ್ತರ ಕಣ್ಣಿಗೆ ಮೊದಲು ಬಿದ್ದದ್ದು ಹಡಗಿನಿಂದ ತೇಲಿ ಬರುತ್ತಿದ್ದ ಬಟ್ಟೆಯ ಗಂಟುಗಳು. ಬಡ ದ್ವೀಪಕ್ಕೆ ಅದೇ ದೊಡ್ಡ ಸಂಪತ್ತು. ಅವನ್ನು ಎತ್ತಿಕೊಳ್ಳಲು ಹೊರಟವರಿಗೆ ನಡುವೆ ಮನುಷ್ಯರ ತಲೆಗಳು ಕಂಡವು. ಚೀನಾದ ದಾಖಲೆಗಳ ಪ್ರಕಾರ 198 ಬೆಸ್ತರು 46 ದೋಣಿಗಳಲ್ಲಿ 65 ಸಲ ಹೋಗಿಬಂದು 384 ಜನರನ್ನು ದಡ ಸೇರಿಸಿದರು. ಹುಟ್ಟು ಹಾಕುವ ಆ ಪುಟ್ಟ ದೋಣಿಗಳಲ್ಲಿ ಒಮ್ಮೆಗೆ ಕೆಲವರನ್ನಷ್ಟೇ ಕೂರಿಸಬಹುದಿತ್ತು.

ಮನೆಯಲ್ಲಿದ್ದ ಗೆಣಸು, ಅಕ್ಕಿ, ಒಣಗಿಸಿದ ಮೂಲಂಗಿಯನ್ನು ಬೇಯಿಸಿ ಹಾಕಿದರು. ತಮ್ಮ ಬಟ್ಟೆಗಳನ್ನೇ ಉಡಲು ಕೊಟ್ಟರು. ಮನೆಗಳಲ್ಲೂ ದೇವಸ್ಥಾನದಲ್ಲೂ ಮಲಗಿಸಿದರು. ಮಾತು ಬಾರದ, ಮುಖ ಕಂಡರಿಯದ ಜನರಿಗಾಗಿ ಇಷ್ಟೆಲ್ಲ.

ಬೆಸ್ತರು ಸಮುದ್ರಕ್ಕಿಳಿದ ಮೇಲೆಯೇ ಜಪಾನಿ ಹಡಗುಗಳೂ ಕೈದಿಗಳನ್ನು ಎತ್ತಿಕೊಳ್ಳಲು ಆರಂಭಿಸಿದವು. ಒಬ್ಬರೂ ಉಳಿಯದಿದ್ದರೆ ಹಡಗು ಅಮೆರಿಕದ ದಾಳಿಯಲ್ಲಿ ಥಟ್ಟನೆ ಮುಳುಗಿತು ಎಂದು ಹೇಳಿಬಿಡಬಹುದಿತ್ತು; ಸಾಕ್ಷಿಗಳು ಹುಟ್ಟಿಕೊಂಡ ಮೇಲೆ ಆ ಕಥೆ ನಿಲ್ಲುವಂತಿರಲಿಲ್ಲ ಎಂದು ಬದುಕುಳಿದವರು ಇದನ್ನು ಅರ್ಥಮಾಡಿಕೊಂಡರು. ಮನಸ್ಸಿನೊಳಗಿನ ಲೆಕ್ಕವನ್ನು ಸಾಬೀತು ಮಾಡುವುದು ಕಷ್ಟ, ಆದರೂ ಘಟನೆಗಳ ಕ್ರಮ ಈ ಊಹೆಗೆ ಹೊಂದುತ್ತದೆ. ಹಾಗೆ ನೋಡಿದರೆ ಬೆಸ್ತರು ಉಳಿಸಿದ್ದು ತಮ್ಮ ದೋಣಿಗೆ ಹತ್ತಿದ 384 ಜನರನ್ನು ಮಾತ್ರವಲ್ಲ.

ಅಕ್ಟೋಬರ್ 4ರಂದು ಜಪಾನಿ ಸೈನಿಕರು ದ್ವೀಪಗಳಿಗಿಳಿದು ಮನೆ ಮನೆ ಶೋಧಿಸಿದರು. ದ್ವೀಪದವರಿಗೆ ಅಪಾಯವಾಗದಿರಲೆಂದು ಕೈದಿಗಳು ಶರಣಾದರು. ಇವಾನ್ಸ್, ಜಾನ್ಸ್ಟನ್, ಫ್ಯಾಲೇಸ್ ಎಂಬ ಮೂವರನ್ನು ಮಾತ್ರ ಬೆಸ್ತರು ಚಿಂಗ್‌ಬಾಂಗ್ ದ್ವೀಪದ ಗುಹೆಯೊಂದರಲ್ಲಿ ಬಚ್ಚಿಟ್ಟು, ಆಮೇಲೆ ದೋಣಿಯಲ್ಲಿ ಮುಖ್ಯಭೂಮಿಗೆ ದಾಟಿಸಿದರು. ಚೀನಿ ಗೆರಿಲ್ಲಾಗಳ ನೆರವಿನಿಂದ ಅವರು ಚುಂಗ್‌ಕಿಂಗ್ ತಲುಪಿದರು. ಏನು ನಡೆಯಿತು ಎಂಬ ನಿಜವಾದ ವರದಿ ಹೊರಜಗತ್ತಿಗೆ ಸಿಕ್ಕಿದ್ದು ಅವರಿಂದ. ಅಷ್ಟರಲ್ಲಿ ಜಪಾನಿ ಪತ್ರಿಕೆಗಳು, ಅಮೆರಿಕನ್ನರು ಮುಳುಗಿಸಿದ ಬ್ರಿಟಿಷ್ ಕೈದಿಗಳನ್ನು ಜಪಾನಿ ಸೈನಿಕರು ಹೇಗೆ ಕಾಪಾಡಿದರು ಎಂದು ಬರೆದಿದ್ದವು.

ಸಿಕ್ಕಿದವರನ್ನೆಲ್ಲ ಶಾಂಘೈನಲ್ಲಿ ಕೂಡಿಸಿ ಹಾಜರಿ ತೆಗೆದು, ಹೆಚ್ಚಿನವರನ್ನು ಶಿನ್ಸೆಯ್ ಮಾರು ಎಂಬ ಇನ್ನೊಂದು ಹಡಗಿಗೆ ಹತ್ತಿಸಿದರು. ಕೋಬೆ, ಒಸಾಕಗಳ ಶಿಬಿರಗಳಲ್ಲಿ ಅವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಯುದ್ಧ ಮುಗಿಯುವ ಮೊದಲೇ ಸತ್ತರು.

ಇದೇ ಬಗೆಯ ಇತರ ಮುಳುಗಡೆಗಳು

ಲಿಸ್ಬನ್ ಮಾರು ಒಂಟಿ ಪ್ರಕರಣವಲ್ಲ. ಜಪಾನೀಯರು ಹಡಗುಗಳಲ್ಲಿ ಸಾಗಿಸಿದ ಯುದ್ಧಕೈದಿಗಳು ಸುಮಾರು 1,26,000, ಅವರಲ್ಲಿ ಸಮುದ್ರದಲ್ಲಿ ಸತ್ತವರು 21,000ಕ್ಕೂ ಹೆಚ್ಚು ಎಂಬುದು ಅಮೆರಿಕದ ಇತಿಹಾಸಕಾರ ಗ್ರೆಗರಿ ಮಿಚ್ನೊ ಅವರ ಅಂದಾಜು. ಬಹುಪಾಲು ಸಾವುಗಳು ಮಿತ್ರರಾಷ್ಟ್ರಗಳದೇ ಟಾರ್ಪಿಡೊ, ಬಾಂಬುಗಳಿಂದ ಆದವು. 1942ರ ಜುಲೈ 1ರಂದು ಮುಳುಗಿದ ಮಾಂಟೆವಿಡಿಯೊ ಮಾರುವಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಸತ್ತರು. ಆಸ್ಟ್ರೇಲಿಯಕ್ಕೆ ಸಮುದ್ರದಲ್ಲಿ ಅಷ್ಟು ದೊಡ್ಡ ನಷ್ಟ ಬೇರೆ ಆಗಿಲ್ಲ. 1944ರ ಸೆಪ್ಟೆಂಬರ್ 18ರಂದು ಸುಮಾತ್ರದ ಬಳಿ ಬ್ರಿಟಿಷ್ ಜಲಾಂತರ್ಗಾಮಿ ಟ್ರೇಡ್‌ವಿಂಡ್ ಮುಳುಗಿಸಿದ ಜುನ್ಯೊ ಮಾರುವಿನಲ್ಲಿ ಸತ್ತವರು ಐದು ಸಾವಿರಕ್ಕೂ ಹೆಚ್ಚು. ಅವರಲ್ಲಿ ಹೆಚ್ಚಿನವರು ಬಲವಂತದ ದುಡಿಮೆಗೆ ಹಿಡಿದ ಜಾವಾದ ಕೂಲಿಗಳು.

ಭಾರತೀಯರ ಪಾಲಿಗೆ ಬಹು ಕಹಿಯಾದದ್ದು ಬುಯೋ ಮಾರು. 1943ರ ಜನವರಿ 26ರಂದು ನ್ಯೂ ಗಿನಿಯ ಉತ್ತರಕ್ಕೆ ಅಮೆರಿಕದ ವಾಹೂ ಜಲಾಂತರ್ಗಾಮಿ ಇದನ್ನು ಮುಳುಗಿಸಿತು. ಅದರಲ್ಲಿ ಜಪಾನಿ ಸೈನಿಕರ ಜತೆ ಹದಿನಾರನೆಯ ಪಂಜಾಬ್ ರೆಜಿಮೆಂಟಿನ 491 ಭಾರತೀಯ ಕೈದಿಗಳಿದ್ದರು. ವಾಹೂವಿನ ಕಪ್ತಾನ ಡಡ್ಲಿ ಮಾರ್ಟನ್ ನೀರಿನಲ್ಲಿದ್ದವರೆಲ್ಲ ಜಪಾನೀಯರೆಂದು ತಿಳಿದು ದೋಣಿಗಳ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ. ಈ ಪ್ರಕರಣದಲ್ಲಿ ಸತ್ತವರಲ್ಲಿ 195 ಮಂದಿ ಭಾರತೀಯರು, 87 ಮಂದಿ ಜಪಾನೀಯರು. ಮಾರ್ಟನ್ ಅಮೆರಿಕದ ಹೆಸರಾಂತ ಜಲಾಂತರ್ಗಾಮಿ ವೀರರಲ್ಲೊಬ್ಬ. ಅದು ಯುದ್ಧಾಪರಾಧವೇ ಎಂಬ ಚರ್ಚೆ ದಶಕಗಳ ನಂತರ ಎದ್ದಿತು.

ಅಟ್ಲಾಂಟಿಕ್‌ನಲ್ಲೂ ಕೋಣೆಗೆ ಬೀಗ ಹಾಕಿದ ಉದಾಹರಣೆ ಉಂಟು. ಲಿಸ್ಬನ್ ಮಾರುವಿಗೆ ಮೂರೇ ವಾರ ಮೊದಲು, 1942ರ ಸೆಪ್ಟೆಂಬರ್ 12ರಂದು, ಜರ್ಮನ್ ಜಲಾಂತರ್ಗಾಮಿ ಯು-156 ಬ್ರಿಟಿಷ್ ಹಡಗು ಲಾಕೋನಿಯಾವನ್ನು ಹೊಡೆಯಿತು. ಒಳಗೆ ಸುಮಾರು 1,800 ಇಟಾಲಿಯನ್ ಕೈದಿಗಳಿದ್ದರು, ಅವರಲ್ಲಿ ಹೆಚ್ಚಿನವರು ಸತ್ತರು. ನೀರಿನಲ್ಲಿ ಇಟಾಲಿಯನ್ ಕೂಗು ಕೇಳಿದ ಕಪ್ತಾನ ಹಾರ್ಟೆನ್‌ಸ್ಟೈನ್ ಶತ್ರು ಮಿತ್ರ ನೋಡದೆ ಎಲ್ಲರನ್ನೂ ಎತ್ತಿಕೊಳ್ಳತೊಡಗಿದ. ಅಮೆರಿಕದ ವಿಮಾನ ಅವನ ಮೇಲೆ ಬಾಂಬು ಹಾಕಿತು. ಮುಳುಗಿದ ಹಡಗಿನವರನ್ನು ಇನ್ನು ಮುಂದೆ ಎತ್ತಿಕೊಳ್ಳಬಾರದು ಎಂದು ಜರ್ಮನ್ ನೌಕಾಪಡೆ ಆಜ್ಞೆ ಹೊರಡಿಸಿದ್ದು ಇದರ ಮೇಲೆ. ಕೈದಿಯನ್ನು ಕತ್ತಲ ಕೋಣೆಯಲ್ಲಿ ಕೂಡಿಹಾಕುವುದು ಒಂದೇ ದೇಶದ ಪಾಪವಾಗಿರಲಿಲ್ಲ ಎಂಬುದಕ್ಕೆ ಇದನ್ನು ಇಲ್ಲಿ ಹೇಳಬೇಕಾಯಿತು.

ವಿಚಾರಣೆ

ಯುದ್ಧಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಆದರೆ ಅನುಮೋದಿಸಿರಲಿಲ್ಲ. 1942ರ ಆರಂಭದಲ್ಲಿ ಅದರ ನಿಯಮಗಳನ್ನು ಅಗತ್ಯ ಮಾರ್ಪಾಡುಗಳೊಂದಿಗೆ ಪಾಲಿಸುವುದಾಗಿ ಮಾತು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಹಾಂಗ್ ಕಾಂಗ್‌ನ ಬ್ರಿಟಿಷ್ ಸೇನಾ ನ್ಯಾಯಾಲಯದಲ್ಲಿ ಕಪ್ತಾನ ಕ್ಯೋದ ಶಿಗೆರುವಿನ ವಿಚಾರಣೆ ನಡೆದು ಏಳು ವರ್ಷಗಳ ಸಜೆಯಾಯಿತು. ಬಾಯಿ ಮುಚ್ಚಬೇಡಿ ಎಂದು ವಾದಿಸಿದೆ ಎಂದವನಿಗೆ ಶಿಕ್ಷೆ, ಮುಚ್ಚಿಸಿದವನು ಕಟಕಟೆಗೇ ಬರಲಿಲ್ಲ. ಹಡಗಿನ ಮೇಲಿನ ಅಧಿಕಾರ ಕಪ್ತಾನನದು, ಕೈದಿಗಳ ಮೇಲಿನ ಅಧಿಕಾರ ಸೇನೆಯದು ಎಂಬ ಇಬ್ಬಂದಿ ವ್ಯವಸ್ಥೆಯಲ್ಲಿ ಹೊಣೆ ಯಾರದೆಂದು ಬಿಡಿಸುವುದು ನ್ಯಾಯಾಲಯಕ್ಕೂ ಸುಲಭವಿರಲಿಲ್ಲ.

ನೆನಪು ಮತ್ತು ಅಂಕಿಗಳು

ಬ್ರಿಟನ್ನಿನಲ್ಲಿ ಈ ಘಟನೆ ಬಹುಕಾಲ ಮರೆವಿಗೆ ಸಂದಿತ್ತು. ಸ್ವತಃ ಹಡಗಿನಲ್ಲಿದ್ದ ಜಿ. ಸಿ. ಹ್ಯಾಮಿಲ್ಟನ್ 1966ರಲ್ಲಿ ಒಂದು ಪುಸ್ತಕ ಬರೆದ. 2006ರಲ್ಲಿ ಹಾಂಗ್ ಕಾಂಗ್‌ನ ಇತಿಹಾಸಕಾರ ಟೋನಿ ಬ್ಯಾನಮ್ ಅವರ ಸಂಶೋಧನೆ ಬಂತು. ಚೀನಾದ ಚಿತ್ರ ನಿರ್ಮಾಪಕ ಫಾಂಗ್ ಲಿ ಸೋನಾರ್ ಬಳಸಿ ಸುಮಾರು 30 ಮೀಟರ್ ಆಳದಲ್ಲಿ ಹಡಗಿನ ಅವಶೇಷ ಪತ್ತೆಮಾಡಿ, ಬದುಕುಳಿದವರನ್ನೂ ಸತ್ತವರ ಮಕ್ಕಳನ್ನೂ ಹುಡುಕಿ ಮಾತಾಡಿಸಿ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ಚೀನಾದ ಚಿತ್ರಮಂದಿರಗಳಿಗೆ ಬಂತು. ಬೆಸ್ತರ ಪಾತ್ರವನ್ನೇ ಕೇಂದ್ರವಾಗಿಟ್ಟ ಕಥಾಚಿತ್ರವೊಂದು 2025ರಲ್ಲಿ ತೆರೆಕಂಡಿತು. ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ 2015ರಲ್ಲಿ ಲಂಡನ್ನಿನ ರಾಜಭೋಜನದಲ್ಲಿ ಈ ಘಟನೆಯನ್ನು ನೆನೆದದ್ದರಿಂದ ಇದಕ್ಕೆ ರಾಜತಾಂತ್ರಿಕ ಬಣ್ಣವೂ ಬಂದಿದೆ. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿರುವ ರಾಷ್ಟ್ರೀಯ ಸ್ಮಾರಕ ವನದಲ್ಲಿ 2021ರಲ್ಲಿ ಲಿಸ್ಬನ್ ಮಾರು ಸ್ಮಾರಕ ನಿಂತಿತು. ಗೋರಿಯಿಲ್ಲದ ಸೈನಿಕರ ಹೆಸರುಗಳು ಹಾಂಗ್ ಕಾಂಗ್‌ನ ಸಾಯ್ ವಾನ್ ಸ್ಮಾರಕದಲ್ಲಿವೆ.

ಓದುಗರಿಗೆ ಒಂದು ಸೂಚನೆ. ಹಳೆಯ ಪುಸ್ತಕಗಳಲ್ಲಿ ಕೈದಿಗಳ ಸಂಖ್ಯೆ 1,816 ಎಂದೂ ಸತ್ತವರು 840ಕ್ಕೂ ಹೆಚ್ಚು ಎಂದೂ ಕಾಣುತ್ತದೆ. 1,834 ಮತ್ತು 828 ಎಂಬ ಅಂಕಿಗಳು ಆಮೇಲೆ ಒಬ್ಬೊಬ್ಬರ ಹೆಸರನ್ನೂ ತಾಳೆನೋಡಿ ಪಡೆದವು. ಎರಡೂ ಬಗೆಯ ಅಂಕಿಗಳು ಇಂದಿಗೂ ಬಳಕೆಯಲ್ಲಿವೆ. ಬೇರೆಡೆ ಉಲ್ಲೇಖಿಸುವಾಗ ಒಂದರ ಹಡಗುಪಟ್ಟಿಗೆ ಇನ್ನೊಂದರ ಸಾವಿನ ಲೆಕ್ಕವನ್ನು ಬೆರೆಸಬಾರದು.